ಬೆಂಗಳೂರಿನ ಬಾಡಿಗೆ ಕರಾರಿನ ನಮೂನೆ ಪುಣೆಯಲ್ಲಿ ನಡೆಯುತ್ತಾ? ಜೊತೆಗೆ ಅಪ್ಪನ ಜಿಪಿಎ ಗೊಂದಲ

ಮಳೆಹನಿ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಮುಂದಿನ ತಿಂಗಳು ಕೆಲಸದ ಮೇಲೆ ಪುಣೆಗೆ ಹೋಗುತ್ತಿದ್ದೇನೆ. ಬೆಂಗಳೂರಿನಲ್ಲಿ 11 ತಿಂಗಳ ಕರಾರು ಮಾಡಿಕೊಂಡು, ಇ-ಸ್ಟ್ಯಾಂಪ್ ಕಾಗದದ ಮೇಲೆ ಇಬ್ಬರೂ ಸಹಿ ಹಾಕಿ, ನೋಟರಿ ಮಾಡಿಸಿ ಮುಗಿಸುತ್ತಿದ್ದೆವು. ಅದೇ ನಮೂನೆಯಲ್ಲಿ ಹೆಸರು, ವಿಳಾಸ ಬದಲಾಯಿಸಿ ಅಲ್ಲಿಯೂ ಬಳಸಬಹುದಾ?

ಇನ್ನೊಂದು ಚಿಂತೆ ಅಪ್ಪನದು. ಅವರು ಈಗ ಚೆನ್ನೈನಲ್ಲಿ ತಮ್ಮನ ಮನೆಯಲ್ಲಿದ್ದಾರೆ, ಮಂಡಿ ನೋವು, ಪ್ರಯಾಣ ಆಗುವುದಿಲ್ಲ. ಮೈಸೂರಿನ ಸೈಟು ಮಾರಬೇಕು. ಅಲ್ಲೇ ಇರುವ ನಮ್ಮ ಭಾವನ (ಅಕ್ಕನ ಗಂಡ) ಹೆಸರಿಗೆ ಜಿಪಿಎ (ತಮ್ಮ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರ ಪತ್ರ) ಬರೆದುಕೊಡೋಣ ಎಂದಿದ್ದಾರೆ. ನಮೂನೆ ನೆಟ್‌ನಲ್ಲಿ ಸಿಕ್ಕಿತು. ಚೆನ್ನೈನಲ್ಲೇ ನೋಟರಿ ಮಾಡಿಸಿ ಕಳಿಸಿದರೆ ಸಾಕಲ್ವಾ?

ದಸ್ತಾವೇಜು:

ಪುಣೆಯದ್ದು ಮೊದಲು ಹೇಳುತ್ತೇನೆ. ಆ ನಮೂನೆ ಅಲ್ಲಿ ನಡೆಯುವುದಿಲ್ಲ. ನಾವು 11 ತಿಂಗಳು ಹಾಕುವುದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು ಎನ್ನುತ್ತದೆ ಅದು, ಹಾಗಾಗಿ ಒಂದು ತಿಂಗಳು ಕಮ್ಮಿ. ಆದರೆ ಮಹಾರಾಷ್ಟ್ರದ ಬಾಡಿಗೆ ನಿಯಂತ್ರಣ ಕಾಯ್ದೆ, 1999ರದ್ದು, ಅದರ 55ನೇ ಸೆಕ್ಷನ್ ಪ್ರಕಾರ ಕರಾರು ಎಷ್ಟೇ ತಿಂಗಳದ್ದಾಗಲಿ ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. ಅಲ್ಲಿ ಇದನ್ನು 'ಲೀವ್ ಅಂಡ್ ಲೈಸೆನ್ಸ್' ಅಂತಾರೆ. ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದ್ದು. ಮಾಡಿಸದಿದ್ದರೆ ಅವರಿಗೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಆಮೇಲೆ ತಕರಾರು ಬಂದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದನ್ನೇ ನಿಜ ಎಂದು ಹಿಡಿಯುತ್ತಾರೆ, ಮಾಲೀಕ ಬೇರೆ ಸಾಬೀತು ಮಾಡುವವರೆಗೆ. ಆಧಾರ್ ಇದ್ದರೆ ಆನ್‌ಲೈನಲ್ಲೇ ಮುಗಿಯುತ್ತದೆ, ಹೆದರಬೇಡಿ.

ಮರೀನಾ_ಕನ್ನಡಿಗ:

ತಮಿಳುನಾಡಿನಲ್ಲೂ ಹೀಗೇ. 2017ರ ಬಾಡಿಗೆ ಕಾಯ್ದೆ 2019ರಲ್ಲಿ ಜಾರಿಗೆ ಬಂತು. ಮನೆ ಬಾಡಿಗೆಗೆ ಅಡ್ವಾನ್ಸು ಮೂರು ತಿಂಗಳ ಬಾಡಿಗೆ ಮೀರಬಾರದು ಅಂತ ಅದರಲ್ಲಿದೆ. ನಾನು ಇಲ್ಲಿಗೆ ಬಂದಾಗ ಇದು ಗೊತ್ತಿರಲಿಲ್ಲ, ಬ್ರೋಕರ್ ಹೇಳಿದಂತೆ ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ಕೂತೆ. ಆ ದುಡ್ಡು ವಾಪಸ್ ಬರುವಷ್ಟರಲ್ಲಿ ತುಂಬಾ ಕಷ್ಟವಾಯಿತು.

ದಸ್ತಾವೇಜು:

ಈಗ ಜಿಪಿಎ. ಮಳೆಹನಿ ಅವರೇ, ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಇಲ್ಲಿ ತಪ್ಪಿದರೆ ಲಕ್ಷಗಟ್ಟಲೆ ಹೋಗುತ್ತದೆ.

ಮುದ್ರಾಂಕ ಶುಲ್ಕದಲ್ಲಿ ಚೆಕ್ಕು, ಪ್ರಾಮಿಸರಿ ನೋಟು, ವಿಮಾ ಪಾಲಿಸಿಯಂಥ ಕೆಲವಕ್ಕೆ ಮಾತ್ರ ಕೇಂದ್ರ ದರ ನಿಗದಿ ಮಾಡುತ್ತದೆ. ಉಳಿದದ್ದೆಲ್ಲ ರಾಜ್ಯದ ಕೈಯಲ್ಲಿ. ಸೈಟು ಮೈಸೂರಿನಲ್ಲಿದೆ, ಹಾಗಾಗಿ ಪತ್ರ ಚೆನ್ನೈನಲ್ಲಿ ಬರೆದರೂ ಅದು ಕರ್ನಾಟಕಕ್ಕೆ ಬಂದ ಮೇಲೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಕಟ್ಟಿದ್ದನ್ನು ಕಳೆದು, ಕಮ್ಮಿ ಬಿದ್ದದ್ದನ್ನು ಇಲ್ಲಿ ತುಂಬಬೇಕು. ತುಂಬದೆ ಬಿಟ್ಟರೆ ಕೋರ್ಟಿನಲ್ಲಿ ಆ ಪತ್ರ ಸಾಕ್ಷಿಗೆ ಬರುವುದಿಲ್ಲ. ಬರಬೇಕೆಂದರೆ ಬಾಕಿ ಶುಲ್ಕದ ಜೊತೆ ಅದರ ಹತ್ತರಷ್ಟು ದಂಡ.

ಅದಕ್ಕಿಂತ ದೊಡ್ಡ ವಿಷಯ ನಿಮ್ಮ ಭಾವ. ಕರ್ನಾಟಕದಲ್ಲಿ ಸ್ಥಿರಾಸ್ತಿ ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಇವರಿಗೆ ಕೊಟ್ಟರೆ ಸಣ್ಣ ಶುಲ್ಕ. ಬೇರೆಯವರಿಗೆ ಕೊಟ್ಟರೆ ಕ್ರಯಪತ್ರದ ಹಾಗೆ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ಅಳಿಯ ಆ ಪಟ್ಟಿಯಲ್ಲಿಲ್ಲ! ನಿಮ್ಮ ಅಕ್ಕ ಇದ್ದಾರೆ. ಅಕ್ಕನ ಹೆಸರಿಗೇ ಬರೆಸಿ, ಓಡಾಟಕ್ಕೆ ಭಾವ ಜೊತೆಗಿರಲಿ.

ನೋಟರಿ ಸಾಕಾ ಅಂದಿರಿ. ಅಪ್ಪ ತಾವೇ ಕ್ರಯಪತ್ರಕ್ಕೆ ಸಹಿ ಹಾಕಿ, ಅದನ್ನು ಮೈಸೂರಿನಲ್ಲಿ ಅಕ್ಕ ಹಾಜರುಪಡಿಸುವುದಾದರೆ ನೋಟರಿ ಸಾಲದು. ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಅಪ್ಪ ವಾಸವಿರುವ ಕಡೆಯ ಸಬ್ ರಿಜಿಸ್ಟ್ರಾರ್ ಎದುರಿಗೇ ಜಿಪಿಎ ಆಗಿ, ಅವರೇ ದೃಢೀಕರಿಸಬೇಕು. ಅಕ್ಕನೇ ಸಹಿ ಹಾಕುವುದಾದರೂ ನಾನು ಇದೇ ದಾರಿ ಹಿಡಿಯಲು ಹೇಳುತ್ತೇನೆ, ಆಮೇಲೆ ಯಾರೂ ಬೆರಳು ತೋರಿಸುವಂತಿರಬಾರದು. ಆರೋಗ್ಯ ಸರಿಯಿಲ್ಲದವರು ಆಫೀಸಿಗೆ ಹೋಗಬೇಕಾಗಿಲ್ಲ, ಅಧಿಕಾರಿ ಮನೆಗೆ ಬಂದು ದೃಢೀಕರಿಸುವ ಅವಕಾಶ ಅದೇ ಸೆಕ್ಷನ್‌ನಲ್ಲಿದೆ. ಕೇಳಿ ನೋಡಿ.

ಮಳೆಹನಿ:

ಅಯ್ಯೋ, ಅಳಿಯ ಅಂದರೆ ಮನೆಯವನೇ ಅಲ್ವಾ ಅಂತ ನಾವು ಯೋಚನೆಯನ್ನೇ ಮಾಡಿರಲಿಲ್ಲ. ತುಂಬಾ ಧನ್ಯವಾದ ಸರ್. ಅಪ್ಪ ವಿಲ್ ಕೂಡ ಬರೆಯಬೇಕು ಅನ್ನುತ್ತಿದ್ದಾರೆ. ಅದಕ್ಕೂ ಯಾವ ರಾಜ್ಯದ ಸ್ಟ್ಯಾಂಪು ಅಂತ ನೋಡಬೇಕಾ?

ತಾಳೆಗರಿ:

ವಿಲ್‌ಗೆ ಸ್ಟ್ಯಾಂಪೇ ಬೇಡ, ಯಾವ ರಾಜ್ಯದಲ್ಲೂ. ಬಿಳಿ ಹಾಳೆ ಸಾಕು. ಅಪ್ಪನ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೆ ನಮ್ಮ ತಾಯಿಯದ್ದನ್ನು ಮಾಡಿಸಿದ್ದೆವು, ಮುಂದೆ ಜಗಳವಾದರೆ ಆಸರೆ ಇರಲಿ ಅಂತ. ಸಬ್ ರಿಜಿಸ್ಟ್ರಾರ್ ಹೇಗೂ ಮನೆಗೆ ಬರುವುದಾದರೆ ಎರಡನ್ನೂ ಅವತ್ತೇ ಮುಗಿಸಲು ಆಗುತ್ತಾ ಅಂತ ವಿಚಾರಿಸಿ, ಅಪ್ಪನಿಗೆ ಎರಡು ಸಲದ ತೊಂದರೆ ತಪ್ಪುತ್ತದೆ.