ಸಹಾಯ ಬೇಕು: ಮಾನವ ಹಕ್ಕುಗಳ ಪಾಠಕ್ಕೆ ಕನ್ನಡದ ಸಾಮಗ್ರಿ

ಮಾನ್ಯರೇ,

ಪದವಿ ಮೊದಲ ವರ್ಷದವರಿಗೆ ಸಂವಿಧಾನ ಮತ್ತು ಮಾನವ ಹಕ್ಕುಗಳನ್ನು ಬೋಧಿಸುತ್ತಿದ್ದೇನೆ. ಪೌರತ್ವದ 5ರಿಂದ 11ನೇ ವಿಧಿಗಳನ್ನು ಅವರು ಐದು ಅಂಕದ ಪ್ರಶ್ನೆಯೆಂದೇ ಬಾಯಿಪಾಠ ಮಾಡುತ್ತಾರೆ. ತಪ್ಪು ಅವರದಲ್ಲ, ನಾವು ಕೇಳುವುದೂ ಅಷ್ಟನ್ನೇ. ಮೊನ್ನೆ 15(2)ನೇ ವಿಧಿಯನ್ನು ವಿವರಿಸುತ್ತ, ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಳಕೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲವೆಂದಾಗ ತರಗತಿ ಸುಮ್ಮನಿತ್ತು. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಳಿಗೆ ಬಂದು, "ಸರ್, ಕ್ಷೌರಕ್ಕೆ ನಾವು ಈಗಲೂ ಪಕ್ಕದ ಪೇಟೆಗೇ ಹೋಗಬೇಕು" ಎಂದ. ಆ ಮಾತನ್ನು, ಅವನ ಗುರುತು ಬಯಲಾಗದಂತೆ, ಚರ್ಚೆಗೆ ತರುವ ಬಗೆ ನನಗೆ ಹೊಳೆಯುತ್ತಿಲ್ಲ. ಇಂಥ ಪಾಠ ಮಾಡಿದ ಅನುಭವವುಳ್ಳವರು ತಾವು ಅನುಸರಿಸಿದ ಕ್ರಮವನ್ನೂ, ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಹಾಗೂ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಕುರಿತು ಸರಳ ಕನ್ನಡದಲ್ಲಿರುವ ಟಿಪ್ಪಣಿಗಳನ್ನೂ ಈ ತಿಂಗಳೊಳಗೆ ಹಂಚಿಕೊಂಡರೆ ಉಪಕಾರವಾಗುತ್ತದೆ.