46ಕ್ಕೆ ಓಟ ಶುರು ಮಾಡಿದ್ದೇನೆ, ಭಾನುವಾರ ಮಾತ್ರ ಕಾಲು ಏಳುವುದಿಲ್ಲ

ಕೊಪ್ಪರಿಗೆ46:

ನಮ್ಮ ಮನೆ ಬದಿಯಡ್ಕ–ಪೆರ್ಲ ರಸ್ತೆಯಿಂದ ಸ್ವಲ್ಪ ಒಳಗೆ. 11 ವರ್ಷ ಇಂಗ್ಲೆಂಡಿನಲ್ಲಿದ್ದೆ, ಅಪ್ಪನಿಗೆ ಕೂಡದಾದ ಮೇಲೆ ಅಡಿಕೆ ತೋಟ ನೋಡಲಿಕ್ಕೆ ಅಂತ ವಾಪಸು ಬಂದು ಎರಡು ವರ್ಷ ಆಯಿತು. ಅಲ್ಲಿ ನನಗಿದ್ದದ್ದು ಒಂದೇ ಹುಚ್ಚು, ಮನೆಯಲ್ಲೇ ಬಿಯರ್ ಮಾಡುವುದು. ಶನಿವಾರ ಬೆಳಿಗ್ಗೆ 9 ಗಂಟೆಗೆ ಎದುರಿನ ಪಾರ್ಕಿನಲ್ಲಿ ಪಾರ್ಕ್‌ರನ್ ನಡೆಯುತ್ತಿತ್ತು, 5 ಕಿಲೋಮೀಟರ್, ಫೀಸಿಲ್ಲ, ಯಾರು ಬೇಕಾದರೂ ಓಡಬಹುದು. ನಾನು ಅಡುಗೆಮನೆ ಕಿಟಕಿಯ ಹತ್ತಿರ ನಿಂತು ಬಾಟ್ಲಿ ತೊಳೆಯುತ್ತಾ, ನನ್ನ ಅಪ್ಪನ ಪ್ರಾಯದವರು ಓಡುವುದನ್ನು ನೋಡುತ್ತಿದ್ದೆ. ಒಂದು ದಿನವೂ ಇಳಿದು ಹೋಗಲಿಲ್ಲ.

ಈಗ ಉಲ್ಟಾ. ಇಲ್ಲಿ ಬಿಯರ್ ಮಾಡುವ ಹಾಗಿಲ್ಲ, ಆದರೆ ಕೈ ಸುಮ್ನೆ ಕೂರಬೇಕಲ್ಲ, ಅದಕ್ಕೆ ಶುಂಠಿ ಬಿಯರಿಗೆ ಇಳಿದೆ. ಹೆಸರಿಗೆ ಮಾತ್ರ ಬಿಯರ್, ಸೋಡಾ ಶರಬತ್ತಿನ ಹಾಗೆ. ತೋಟದ್ದೇ ಶುಂಠಿ. ಸಿಪ್ಪೆ ತೆಗೆಯದೆ ತುರಿದು, ಸಕ್ಕರೆ ಮತ್ತು ಬಾವಿ ನೀರು ಹಾಕಿ, ದಿನಾ ಸ್ವಲ್ಪ ಸ್ವಲ್ಪ ಶುಂಠಿ-ಸಕ್ಕರೆ ಉಣಿಸುತ್ತಾ ಹೋದರೆ ಐದನೇ ದಿನಕ್ಕೆ ಗುಳುಗುಳು ಅಂತ ನೊರೆ ಏಳುತ್ತದೆ. ಅದು ಹೆಪ್ಪು. ಆಮೇಲೆ 5 ಲೀಟರ್ ನೀರಿಗೆ 600 ಗ್ರಾಂ ಸಕ್ಕರೆ, ಶುಂಠಿ ಕಷಾಯ, ನಾಲ್ಕು ಲಿಂಬೆ, ಈ ಹೆಪ್ಪು. ಭರಣಿಯಲ್ಲಿ ಹತ್ತು ದಿನ, ನಂತರ ಅರ್ಧ ಲೀಟರಿನ ಬಾಟ್ಲಿಗೆ.

ಓಟ ಶುರುವಾದದ್ದು ಅಕ್ಟೋಬರಿನಲ್ಲಿ, ಬಿಪಿ ನೋಡಿ ಡಾಕ್ಟರು ಮುಖ ಗಂಟು ಹಾಕಿದ ಮೇಲೆ. ಕೌಚ್ ಟು 5ಕೆ ಅಂತ 9 ವಾರದ ಕ್ರಮ ಉಂಟಲ್ಲ, ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ ಒಂದೂವರೆ ನಿಮಿಷ ನಡಿಗೆ ಅಂತ ಶುರುವಾಗಿ ಕೊನೆಗೆ 30 ನಿಮಿಷ ಒಂದೇ ಸಮ ಓಡುವುದು, ಅದನ್ನೇ ಮಾಡಿದೆ. ನನಗೆ 14 ವಾರ ಬೇಕಾಯಿತು, ಇರಲಿ. ಮೊದಲ ವಾರ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ಅಜ್ಜ ಎದ್ದು ನಿಂತು "ದಾನೆ ಆಂಡ್?" (ಏನಾಯಿತು?) ಅಂತ ತುಳುವಿನಲ್ಲಿ ಗಾಬರಿಯಿಂದ ಕೇಳಿದರು, ಯಾರೋ ತೀರಿಹೋದರು ಅಂದುಕೊಂಡಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಮಂಗಳವಾರ, ಗುರುವಾರ 4 ಕಿಲೋಮೀಟರ್ ಆರಾಮ. ಭಾನುವಾರ 7 ಅಂತ ಹೊರಟರೆ ಎರಡನೇ ಕಿಲೋಮೀಟರಿಗೇ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ವಾಚಿನಲ್ಲಿ ಎದೆಬಡಿತ ವಾರದ ದಿನ 145 ಆಸುಪಾಸು ಇದ್ದರೆ ಭಾನುವಾರ ಅದೇ ವೇಗಕ್ಕೆ 160 ದಾಟುತ್ತದೆ. ಮೊಣಕಾಲಿನ ಕೆಳಗಿನ ಎಲುಬು ಕೂಡ ನೋಯುತ್ತದೆ. ಶನಿವಾರ ನನಗೆ ಬಾಟ್ಲಿ ತುಂಬುವ ದಿನ, ಭರಣಿ ಎತ್ತಿ ಇಳಿಸಿ ಬಗ್ಗಿ ಎದ್ದು ಸಂಜೆ ಆಗುತ್ತದೆ, ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಎರಡು ಬಾಟ್ಲಿ ಶುಂಠಿ ಬಿಯರ್ ಕುಡಿದು ಮಲಗುತ್ತೇನೆ. ಭರಣಿ ಎತ್ತಿದ್ದರ ಆಯಾಸವಾ? ಪ್ರಾಯವಾ? ಎರಡರಲ್ಲಿ ಒಂದು ಬಿಡಬೇಕಾ?

ಬೇಕಲ_ಕಡಲು:

ನನಗೆ 52, ಓಡಲು ಶುರು ಮಾಡಿದ್ದು 45ಕ್ಕೆ, ಹಾಗಾಗಿ ಪ್ರಾಯದ ಮೇಲೆ ಹಾಕಬೇಡಿ.

ಭಾನುವಾರ ಎಷ್ಟು ಗಂಟೆಗೆ ಹೊರಡುತ್ತೀರಿ ಅಂತ ಬರೆಯಲಿಲ್ಲ. ರಜೆ ಅಂತ ಏಳೂವರೆಗೆ ಹೊರಟರೆ ಮಾರ್ಚಿನ ಸೆಕೆಗೇ ಎದೆಬಡಿತ ಹತ್ತು ಹದಿನೈದು ಏರುತ್ತದೆ. ಮೈ ತಣಿಸಲಿಕ್ಕೆ ರಕ್ತ ಚರ್ಮಕ್ಕೂ ಹೋಗಬೇಕು, ಕಾಲಿಗೂ ಹೋಗಬೇಕು, ಹೃದಯ ಎರಡು ಕೆಲಸ ಮಾಡಬೇಕಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ಬೆವರು ಆರುವುದೂ ಇಲ್ಲ. ಆರು ಗಂಟೆಯೊಳಗೆ ಮನೆ ಬಿಡಿ. ಇನ್ನೊಂದು, ಉದ್ದದ ಓಟ ಅಂದರೆ ಪಕ್ಕದವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲಿಕ್ಕೆ ಆಗುವ ವೇಗ. ಹೆಚ್ಚಿನವರು ಇಲ್ಲೇ ತಪ್ಪುವುದು.

ಎಲುಬಿನ ನೋವಿಗೆ ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ. ಉದ್ದಕ್ಕೂ ಅಲ್ಲಲ್ಲಿ ಸಣ್ಣಗೆ ನೋವಿದ್ದರೆ ಎರಡು ವಾರ ಓಟ ತಗ್ಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಕಡೆ, ಬೆರಳಿಟ್ಟ ಜಾಗದಲ್ಲೇ ಜೀವ ಹೋಗುವಷ್ಟು ನೋವು, ಕೂತಾಗಲೂ ರಾತ್ರಿಯೂ ಇದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಎಲುಬಿನಲ್ಲಿ ಸಣ್ಣ ಬಿರುಕಿರಬಹುದು. ಮೊದಮೊದಲಿಗೆ ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಇರುತ್ತದೆ. ನಿಮ್ಮ ಕಡೆ ರಸ್ತೆ ಪೂರಾ ಏರು ಇಳಿತ, ಇಳಿಜಾರಿನಲ್ಲಿ ಹೆಜ್ಜೆ ದೊಡ್ಡದು ಹಾಕಬೇಡಿ. ನಾನು ಬೇಕಲ ಕೋಟೆಯ ಪಕ್ಕದ ಕಡಲ ತೀರದಲ್ಲಿ ಓಡುವುದು, ನೀರು ಇಳಿದಾಗ ಗಟ್ಟಿಯಾದ ಒದ್ದೆ ಹೊಯಿಗೆ ಮೇಲೆ. ಅಲ್ಲಿಯೂ ತೀರ ಕಡಲಿಗೆ ಓರೆ, ಒಂದೇ ಕಡೆಗೆ ಓಡಿದರೆ ಒಂದು ಕಾಲಿಗೆ ಜಾಸ್ತಿ ಪೆಟ್ಟು, ಹೋದ ದಾರಿಯಲ್ಲೇ ವಾಪಸು ಬರಬೇಕು.

ಹತ್ತು ದಿನ ಭರಣಿ ಮುಚ್ಚಳ ತೆಗೆಯದೆ ಕಾಯುತ್ತೀರಿ, ಕಾಲಿಗೆ ಎರಡು ವಾರ ಕೊಡಲಿಕ್ಕೆ ಆಗುವುದಿಲ್ವಾ?

ಪೆರ್ಲದವ:

ಶನಿವಾರ ರಾತ್ರಿ ಎರಡು ಬಾಟ್ಲಿ ಕುಡಿದರೆ ಭಾನುವಾರ ಕಾಲು ಏಳುವುದಿಲ್ಲ. ಇದಕ್ಕೆ ನಮ್ಮೂರಲ್ಲಿ ಬೇರೆ ಹೆಸರುಂಟು ಮಾರಾಯ್ರೆ 😄

ಕೊಪ್ಪರಿಗೆ46:

ಅಕ್ಕ, ಹೊರಡುವುದು ಏಳೂಕಾಲಿಗೆ, ಸಿಕ್ಕಿಬಿದ್ದೆ. ನೋವು ಉದ್ದಕ್ಕೂ ಇದೆ, ಒಂದೇ ಕಡೆ ಅಲ್ಲ.

ಪೆರ್ಲದವರೇ, ಅದು ಶುಂಠಿ ಸೋಡಾ. ನಮ್ಮ ಅಮ್ಮ ದಿನಾ ರಾತ್ರಿ ಅರ್ಧ ಲೋಟ ಕುಡಿಯುತ್ತಾರೆ, ಗ್ಯಾಸಿಗೆ ಒಳ್ಳೆಯದು ಅಂತ.

ಹುಳಿ_ಬರಿಸುವವ:

ಸ್ವಲ್ಪ ನಿಲ್ಲಿ. 5 ಲೀಟರಿಗೆ 600 ಗ್ರಾಂ ಸಕ್ಕರೆ, ಹತ್ತು ದಿನ, ಅದೂ ಈ ಸೆಕೆಯಲ್ಲಿ? ಸೋಡಾ ಅಂತ ಯಾರು ಹೇಳಿದ್ದು?

ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಕಲ್ಪರಸ ನೋಡಿದ್ದೀರಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸ ಸಿಹಿ, ಅಮಲಿಲ್ಲ. ಅದನ್ನು ಹಾಗೇ ಇಡಲಿಕ್ಕೆ ಅವರು ಮರದ ಮೇಲೆಯೇ ಐಸ್ ತುಂಬಿದ ಪೆಟ್ಟಿಗೆ ಕಟ್ಟಿ ಅದರೊಳಗೆ ರಸ ಹಿಡಿಯುತ್ತಾರೆ. ಅದೇ ಮರದ ಅದೇ ರಸ ಮಡಕೆಯಲ್ಲಿ ಇಳಿದರೆ ಮಧ್ಯಾಹ್ನದೊಳಗೆ ಕಳ್ಳು. ಐಸ್ ಒಂದೇ ವ್ಯತ್ಯಾಸ. ನಿಮ್ಮ ಭರಣಿ ಯಾವ ಐಸಿನಲ್ಲಿ ಕೂತಿದೆ? ಯೀಸ್ಟಿಗೆ ಅದು ಬಿಯರಿನದ್ದಾ ಶುಂಠಿಯದ್ದಾ ಅಂತ ಗೊತ್ತಿಲ್ಲ, ಸಕ್ಕರೆ ಸಿಕ್ಕರೆ ತಿನ್ನುತ್ತದೆ, ಆಲ್ಕೋಹಾಲ್ ಬಿಡುತ್ತದೆ.

ಬಿಯರ್ ಮಾಡಿದವರು ನೀವು, ಹೈಡ್ರೋಮೀಟರ್ ಇರಲೇಬೇಕು, ದ್ರವದಲ್ಲಿ ತೇಲಿಸಿ ಅದರ ಸಾಂದ್ರತೆ ಅಳೆಯುವ ಗಾಜಿನ ಕೊಳವೆ. ಬರೀ ನೀರಿಗೆ 1.000 ತೋರಿಸುತ್ತದೆ, ಸಕ್ಕರೆ ಇದ್ದಷ್ಟು ಏರುತ್ತದೆ, ಯೀಸ್ಟ್ ಅದನ್ನು ತಿಂದಷ್ಟು ಇಳಿಯುತ್ತದೆ. ನಿಮ್ಮ ಸಕ್ಕರೆ ಲೆಕ್ಕಕ್ಕೆ ಶುರುವಿನಲ್ಲಿ 1.043 ಹತ್ತಿರ ಇರುತ್ತದೆ. ಈಗಿನದ್ದು ಅಳೆಯಿರಿ. ಎರಡು ಲೋಟದ ನಡುವೆ ಹತ್ತಿಪ್ಪತ್ತು ಸಲ ಹೊಯ್ದು ಗ್ಯಾಸ್ ಬಿಡಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಗುಳ್ಳೆಗಳು ಕೊಳವೆಗೆ ಅಂಟಿಕೊಂಡು ಅದನ್ನು ಮೇಲೆತ್ತಿ ಸುಳ್ಳು ಹೇಳಿಸುತ್ತವೆ. ಮೊದಲಿನದ್ದರಲ್ಲಿ ಈಗಿನದ್ದು ಕಳೆದು 131 ರಿಂದ ಗುಣಿಸಿ, ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅಂತ ಸಿಗುತ್ತದೆ.

ಕೊಪ್ಪರಿಗೆ46:

ಹೈಡ್ರೋಮೀಟರ್ ಅಟ್ಟದ ಮೇಲೆ, ಇಂಗ್ಲೆಂಡಿನಿಂದ ತಂದ ಪೆಟ್ಟಿಗೆಯಲ್ಲೇ ಇತ್ತು. ಎರಡು ವರ್ಷದಲ್ಲಿ ಒಮ್ಮೆಯೂ ತೆಗೆದಿರಲಿಲ್ಲ, ಸೋಡಾಕ್ಕೆ ಯಾಕೆ ಅಂತ. ಫ್ರಿಜ್ಜಿನಲ್ಲಿ ಹಳೆಯ ಬಾಟ್ಲಿ ಒಂದಿತ್ತು. ಹೊಯ್ದು ಹೊಯ್ದು ಗ್ಯಾಸ್ ಬಿಡಿಸಿ, ಕೋಣೆಯ ಬಿಸಿಗೆ ಬರುವವರೆಗೆ ಕಾದು, ಮೂರು ಸಲ ಅಳೆದೆ.

1.008.

ಅಂದರೆ 4.6 ಪರ್ಸೆಂಟ್. ನಾನು ಅಲ್ಲಿ ಮಾಡುತ್ತಿದ್ದ ಬಿಯರೂ ಹೆಚ್ಚುಕಡಿಮೆ ಇಷ್ಟೇ ಇತ್ತು! ಎರಡು ಬಾಟ್ಲಿ ಅಂದರೆ ಒಂದು ಲೀಟರ್, ಸುಮಾರು 36 ಗ್ರಾಂ ಆಲ್ಕೋಹಾಲ್. ಜಗಲಿಯಲ್ಲಿ ಕೂತಾಗ ತಲೆ ಸ್ವಲ್ಪ ಹಗುರ ಆಗುತ್ತಿದ್ದದ್ದು ಹೌದು, ವಾರದ ಕೆಲಸ ಮುಗಿದ ಖುಷಿ ಅಂದುಕೊಂಡಿದ್ದೆ. ಕಳೆದ ಏಪ್ರಿಲಿನಲ್ಲಿ ಒಂದು ಬಾಟ್ಲಿ ಅಡುಗೆಮನೆಯಲ್ಲಿ ಢಂ ಅಂತ ಒಡೆದು ಗಾಜಿನ ಚೂರು ಅಕ್ಕಿ ಡಬ್ಬಿವರೆಗೆ ಹಾರಿತ್ತು, ಆಗಲೂ ಬುದ್ಧಿ ಬರಲಿಲ್ಲ. ಹೆಂಡತಿ ಬೆಳಿಗ್ಗೆಯಿಂದ ನಗುತ್ತಿದ್ದಾಳೆ.

ಪೆರ್ಲದವ:

ನಾನು ಏನೂ ಹೇಳುವುದಿಲ್ಲ.

ಬೇಕಲ_ಕಡಲು:

ಹಾಗಾದರೆ ಅರ್ಧ ಉತ್ತರ ಸಿಕ್ಕಿತು. ಲಿವರಿಗೆ ಒಂದು ಗಂಟೆಯಲ್ಲಿ ಏಳೆಂಟು ಗ್ರಾಂ ಕರಗಿಸಲಿಕ್ಕೆ ಆಗುತ್ತದೆ, ಹತ್ತು ಗಂಟೆಗೆ ಕುಡಿದದ್ದು ಬೆಳಗಿನ ಜಾವ ಮೂರರವರೆಗೆ ಒಳಗೇ ಇರುತ್ತದೆ. ನಿದ್ದೆ ಬೇಗ ಬಂದ ಹಾಗೆ ಕಾಣುತ್ತದೆ, ಆದರೆ ರಾತ್ರಿಯ ಎರಡನೇ ಭಾಗ ಪೂರಾ ತುಂಡು ತುಂಡು, ಎದೆಬಡಿತ ಇಳಿಯುವುದೇ ಇಲ್ಲ. ಕಿಡ್ನಿಗೆ ನೀರು ಹಿಡಿದಿಡು ಅಂತ ಹೇಳುವ ವಾಸೊಪ್ರೆಸಿನ್ ಹಾರ್ಮೋನನ್ನೂ ಅದು ತಡೆಯುತ್ತದೆ, ಹಾಗಾಗಿ ಎರಡು ಸಲ ಎದ್ದು ಹೋಗಿ, ಮೈಯಲ್ಲಿ ನೀರಿಲ್ಲದೆ ಏಳೂಕಾಲಿನ ಬಿಸಿಲಿಗೆ ಇಳಿಯುತ್ತಿದ್ದೀರಿ. 160 ದಾಟದೆ ಇನ್ನೇನು? ಬಿಪಿ ಇದ್ದವರಿಗೆ ಇದು ಬೇಡವೇ ಬೇಡ, ನಿಮ್ಮ ಡಾಕ್ಟರಿಗೂ ಹೇಳಿ. ಶನಿವಾರ ರಾತ್ರಿ ಕುಚ್ಚಲಕ್ಕಿ ಗಂಜಿ, ಬೆಳಿಗ್ಗೆ ಹೊರಡುವ ಮೊದಲು ಒಂದು ಲೋಟ ನೀರು, ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ನನಗೆ ಇಷ್ಟೇ ಸಾಕಾಗುತ್ತದೆ.

ಹುಳಿ_ಬರಿಸುವವ:

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ 1963ರಿಂದ ಮನೆ ಖರ್ಚಿಗೆ ಬಿಯರ್ ಮಾಡಲಿಕ್ಕೆ ಲೈಸೆನ್ಸ್ ಬೇಡ. ಇಲ್ಲಿ ಹಾಗಲ್ಲ. ಕೇರಳದ ಅಬ್ಕಾರಿ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ಮಾಡುವುದೇ ಅಪರಾಧ, ಮಾರಲಿಲ್ಲ, ನಾನೇ ಕುಡಿದೆ ಅಂದರೆ ನಡೆಯುವುದಿಲ್ಲ. ಗಡಿ ದಾಟಿ ಪುತ್ತೂರಿಗೆ ಹೋದರೂ ಅಷ್ಟೇ. ಉಳಿದ ಬಾಟ್ಲಿಗಳನ್ನು ತೆಂಗಿನ ಬುಡಕ್ಕೆ ಹೊಯ್ಯಿರಿ.

ಹವ್ಯಾಸ ಬಿಡಬೇಕಾಗಿಲ್ಲ, ಹುಳಿ ಬರಿಸುವ ಆಟ ದೊಡ್ಡದುಂಟು. ಮಾವಿನಮಿಡಿ, ಗಾಂಧಾರಿ ಮೆಣಸು ಉಪ್ಪುನೀರಿನಲ್ಲಿ ಹಾಕಿ, ವಿನೆಗರ್ ಮಾಡಿ. ಗುಳ್ಳೆ ಏಳುವ ಶುಂಠಿ ನೀರೇ ಬೇಕು ಅಂದರೆ ಶುಂಠಿ ಲಿಂಬೆ ಪಾನಕಕ್ಕೆ ಅಂಗಡಿಯ ಸೋಡಾ ಹೊಯ್ಯಿರಿ. ನಿಮಗೆ ಅವಮಾನ ಅನಿಸಬಹುದು, ಆದರೆ ಬಾಟ್ಲಿ ಒಡೆಯುವುದಿಲ್ಲ.

ಕೊಪ್ಪರಿಗೆ46:

ಎರಡು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಎಲ್ಲ ಬಾಟ್ಲಿ ತೆಂಗಿನ ಬುಡಕ್ಕೆ ಹೋಯಿತು. ಭರಣಿಯಲ್ಲಿ ಈಗ ಮಾವಿನಮಿಡಿ. ಓಟ 3 ಕಿಲೋಮೀಟರಿಗೆ ಇಳಿಸಿದ್ದೆ, ಎಲುಬಿನ ನೋವು ಮುಕ್ಕಾಲು ಹೋಯಿತು. ನಿನ್ನೆ ಭಾನುವಾರ ಐದೂಮುಕ್ಕಾಲಿಗೆ ಹೊರಟು ನಿಧಾನಕ್ಕೆ 5 ಓಡಿದೆ. ಎದೆಬಡಿತ 143, ದಾರಿಯಲ್ಲಿ ಆ ಬಸ್‌ಸ್ಟ್ಯಾಂಡ್ ಅಜ್ಜನಿಗೆ ನಿಲ್ಲದೆಯೇ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟೆ.

ಪೆರ್ಲದವ:

ಅಮ್ಮನ ಅರ್ಧ ಲೋಟ ಏನಾಯಿತು?

ಕೊಪ್ಪರಿಗೆ46:

ಈಗ ಪಾನಕಕ್ಕೆ ಸೋಡಾ ಹಾಕಿ ಕೊಡುತ್ತಿದ್ದೇನೆ, ವಿಷಯ ಹೇಳಲಿಲ್ಲ. ಮೊನ್ನೆ ಲೋಟ ಕೆಳಗಿಟ್ಟು, "ಈ ಸಲದ್ದು ಸರಿ ಹಣ್ಣಾಗಲಿಲ್ಲ ಮಗಾ, ಇದು ಕುಡಿದರೆ ನಿದ್ದೆಯೇ ಬರುವುದಿಲ್ಲ" ಅಂದರು.