ರಾತ್ರಿ ಪಾಸ್, ಮಧ್ಯಾಹ್ನ ಫೇಲ್: 3600ಕ್ಕೆ ಏರಿಸಿದ ರ‍್ಯಾಮ್

ಬಳ್ಳಾರಿ_ಬಿಸಿಲು:

ನಮಸ್ಕಾರ ಎಲ್ಲರಿಗೂ. ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ಮಷಿನ್ ರೈಜನ್ 5 5600ಎಕ್ಸ್, ಬಿ550 ಬೋರ್ಡ್, 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ಸ್ಟಿಕ್ ಮೇಲೆ ವೇಗ 3200, ಸಿಎಲ್16 (ಡೇಟಾ ಕೊಡಲು ಹಿಡಿಯುವ ಕ್ಲಾಕ್ ಎಣಿಕೆ), 1.35 ವೋಲ್ಟ್ ಅಂತ ಬರೆದಿದೆ. ರ‍್ಯಾಮ್ ವಿವರ ಓದುವ ತೈಫೂನ್ ಬರ್ನರ್ ಸಾಫ್ಟ್‌ವೇರ್ ಪ್ರಕಾರ ಒಳಗಿರುವುದು ಹೈನಿಕ್ಸ್ ಸಿಜೆಆರ್ ಚಿಪ್.

ಅದರ ವೇಗವನ್ನು 3600ಕ್ಕೆ ಏರಿಸಿದ್ದೇನೆ. ಟೈಮಿಂಗ್ (ಒಂದೊಂದು ಹಂತಕ್ಕೆ ಕಾಯುವ ಕ್ಲಾಕ್ ಎಣಿಕೆ) 16-20-20-38, ಟಿಆರ್‌ಎಫ್‌ಸಿ 450, ವೋಲ್ಟೇಜ್ 1.42. ಪ್ರೊಸೆಸರ್ ಒಳಗಿನ ಸಂಪರ್ಕದ ವೇಗ ಎಫ್‌ಸಿಎಲ್‌ಕೆ 1800, ಎಸ್‌ಒಸಿ ವೋಲ್ಟೇಜ್ 1.1. ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ನಾಲ್ಕೂ ಸುತ್ತು ಪಾಸ್, ಒಂದೂ ಎರರ್ ಇಲ್ಲ. ಖುಷಿಯಾಗಿ ಕೆಲಸ ಶುರು ಮಾಡಿದೆ.

ಮಧ್ಯಾಹ್ನ ರೆಂಡರ್‌ಗೆ ಹಾಕಿದರೆ ಕಥೆಯೇ ಬೇರೆ. ಎರಡು ಸಲ ನೀಲಿ ಸ್ಕ್ರೀನ್ ಬಂತು. ಮೂರನೇ ಸಲ ಪೂರ್ತಿ ಮುಗಿಯಿತು, ನಾನೂ ಸರಿಯಾಗಿ ನೋಡದೆ ಪೆನ್‌ಡ್ರೈವ್ ಕೊಟ್ಟುಬಿಟ್ಟೆ. ಮರುದಿನ ಹುಡುಗಿಯ ಸೋದರಮಾವ ಫೋನ್ ಮಾಡಿ "ಏನಪ್ಪಾ, ತಾಳಿ ಕಟ್ಟುವಾಗಲೇ ಹಸಿರು ಹಸಿರು ಚೌಕ ಬರ್ತಿದೆಯಲ್ಲ" ಎಂದರು. ಅರ್ಧ ಸೆಕೆಂಡ್ ಅಷ್ಟೇ. ಆದರೆ ಬಂದಿದ್ದು ಆ ಅರ್ಧ ಸೆಕೆಂಡಿನಲ್ಲೇ!

ಇನ್ನೂ ವೋಲ್ಟೇಜ್ ಏರಿಸಬೇಕಾ? ರೂಮಿನಲ್ಲಿ ಎಸಿ ಇಲ್ಲ. ನಮ್ಮೂರಿನಲ್ಲಿ ಬೇಸಿಗೆ, ಕಡು ಬೇಸಿಗೆ ಅಂತ ಎರಡೇ ಕಾಲ, ಗೊತ್ತಲ್ಲ.

ಗೇಮರ್_ಗುಂಡ:

ಸಿಂಪಲ್ ಗುರು. 1.45 ಕೊಡು. ನಂದು ಎರಡು ವರ್ಷದಿಂದ ಅದರಲ್ಲೇ ಓಡ್ತಿದೆ.

ಹಳೇ_ಸ್ಕ್ರೂಡ್ರೈವರ್:

ಸರ್, ಸದ್ಯಕ್ಕೆ ವೋಲ್ಟೇಜ್ ಮುಟ್ಟಬೇಡಿ. 1.45 ಕೊಟ್ಟ ತಕ್ಷಣ ಚಿಪ್ ಸುಟ್ಟುಹೋಗುತ್ತದೆ ಅಂತಲ್ಲ. ನಿಮ್ಮ ರೋಗಕ್ಕೆ ಅದು ಮದ್ದಲ್ಲ, ಅಷ್ಟೇ. ರಾತ್ರಿ ಪಾಸ್, ಮಧ್ಯಾಹ್ನ ಫೇಲ್ ಅಂತ ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ.

ರ‍್ಯಾಮ್‌ನ ಒಂದೊಂದು ಬಿಟ್ಟೂ ಒಂದು ಚಿಟಿಕೆ ಚಾರ್ಜ್. ಅದು ಸದಾ ಸೋರುತ್ತಲೇ ಇರುತ್ತದೆ, ಹಾಗಾಗಿ ಆಗಾಗ ಮತ್ತೆ ತುಂಬಬೇಕು. ಅದೇ ರಿಫ್ರೆಶ್. ಹಾಗೆ ತುಂಬಲು ಕೊಡುವ ಸಮಯವೇ ಟಿಆರ್‌ಎಫ್‌ಸಿ. ಚಿಪ್ ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ಒಂದು ಕಡೆ ಬಿಂದಿಗೆ ಬೇಗ ಖಾಲಿಯಾಗುತ್ತಿದೆ, ಇನ್ನೊಂದು ಕಡೆ ನೀವು ನಲ್ಲಿ ನೀರು ಬಿಡುವ ಹೊತ್ತನ್ನೂ ಕಡಿಮೆ ಮಾಡಿದ್ದೀರಿ.

ಲೆಕ್ಕ ನೋಡಿ. 3600 ಅಂದರೆ ನಿಜವಾದ ಕ್ಲಾಕ್ 1800 ಮೆಗಾಹರ್ಟ್ಸ್. 450ನ್ನು ಅದರಿಂದ ಭಾಗಿಸಿದರೆ 250 ನ್ಯಾನೋಸೆಕೆಂಡ್. 8 ಗಿಗಾಬಿಟ್ ಚಿಪ್‌ಗೆ ಮೆಮೊರಿ ಮಾನದಂಡ ನಿಗದಿ ಮಾಡುವ ಸಂಸ್ಥೆ ಜೆಡೆಕ್ ಇಟ್ಟಿರುವುದು 350. ನೂರು ನ್ಯಾನೋಸೆಕೆಂಡ್ ಕಿತ್ತುಕೊಂಡಿದ್ದೀರಿ! ಯಾರದೋ ಸ್ಕ್ರೀನ್‌ಶಾಟ್ ನೋಡಿ ಹಾಕಿದ ನಂಬರ್ ಇರಬೇಕು, ಅಲ್ವಾ? ಸ್ಯಾಮ್‌ಸಂಗ್ ಬಿ-ಡೈ ಚಿಪ್ ಇದಕ್ಕಿಂತ ಕಡಿಮೆಗೂ ಒಗ್ಗುತ್ತದೆ. ನಿಮ್ಮದು ಅದಲ್ಲ.

ಎರಡನೇ ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಮೆಮ್‌ಟೆಸ್ಟ್86 ಓಡುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿರುತ್ತದೆ. ರೆಂಡರ್ ಮಾಡುವಾಗ ಅದರ ಬಿಸಿಗಾಳಿ ನೇರವಾಗಿ ಮೇಲೆದ್ದು ರ‍್ಯಾಮ್‌ಗೆ ಬಡಿಯುತ್ತದೆ. ಅಂದರೆ ನೀವು ಟೆಸ್ಟ್ ಮಾಡಿದ ಮಷಿನ್ ಒಂದು, ಕೆಲಸ ಮಾಡಿದ ಮಷಿನ್ ಇನ್ನೊಂದು. ಮಧ್ಯಾಹ್ನ ಎರಡು ಗಂಟೆಗೆ, ವಿಂಡೋಸ್ ಒಳಗೆ ಟಿಎಂ5 ಎಂಬ ರ‍್ಯಾಮ್ ಟೆಸ್ಟ್ ಓಡಿಸಿ, ಜೊತೆಗೆ ಕಾರ್ಡ್‌ಗೂ ಲೋಡ್ ಕೊಡಿ. ಆಗ ನಿಜ ಹೊರಬೀಳುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಟಿಆರ್‌ಎಫ್‌ಸಿ 630. ಬೇರೇನೂ ಮುಟ್ಟದೆ ಟೆಸ್ಟ್. ಪಾಸಾದರೆ ಕಳ್ಳ ಸಿಕ್ಕ. ಆಗದಿದ್ದರೆ ಸಿಎಲ್ 18 ಮಾಡಿ ಟೆಸ್ಟ್, ಆಮೇಲೆ ವೋಲ್ಟೇಜ್ 1.38ಕ್ಕೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪಕ್ಕದಲ್ಲಿ ನೋಟ್‌ಬುಕ್. ಸಿಜೆಆರ್‌ನಲ್ಲಿ ಸಿಎಲ್ ವೋಲ್ಟೇಜ್‌ಗೆ ಬಗ್ಗುತ್ತದೆ, ಆದರೆ ಟಿಆರ್‌ಸಿಡಿ (ಟೈಮಿಂಗ್‌ನಲ್ಲಿ ಮೊದಲ 20) ಬಗ್ಗುವುದಿಲ್ಲ. ಆ 20ನ್ನು ಇಳಿಸಲು ಹೋಗಿ ವೋಲ್ಟ್ ಸುರಿಯಬೇಡಿ.

ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ 19 ಎಂಬ ಹಾರ್ಡ್‌ವೇರ್ ಎರರ್ ಇದೆಯಾ ಅಂತಲೂ ನೋಡಿ. ಇದ್ದರೆ ಎಫ್‌ಸಿಎಲ್‌ಕೆ ಕಡೆಯೂ ತಕರಾರು ಇರಬಹುದು.

ಇದೆಲ್ಲ ಮುಗಿಯುವವರೆಗೆ ಮದುವೆ ಫೈಲ್ ಇರುವ ಡಿಸ್ಕ್ ಕೇಬಲ್ ಬಿಚ್ಚಿಡಿ. ನಾನು ಒಮ್ಮೆ ಬಿಚ್ಚಿರಲಿಲ್ಲ. ಕೆಟ್ಟ ರ‍್ಯಾಮ್ ಸೆಟ್ಟಿಂಗ್‌ನಲ್ಲೇ ಒಂದು ಫೋಲ್ಡರ್ ಕಾಪಿ ಮಾಡಿ, ಮೂಲವನ್ನು ಡಿಲೀಟ್ ಮಾಡಿದ್ದೆ. ಮಗಳ ನಾಮಕರಣದ ಫೋಟೋಗಳು. ಅರ್ಧಕ್ಕರ್ಧ ಕೆಳಗಿನ ಭಾಗ ಬರೀ ಬೂದಿ ಬಣ್ಣ. ತಪ್ಪು ನನ್ನದೇ, ಯಾರನ್ನು ಬೈಯುವುದು?

ಗೇಮರ್_ಗುಂಡ:

ಅಣ್ಣ, ಹಾಗಾದ್ರೆ ನಂದು ಹೆಂಗೆ ಓಡ್ತಿದೆ?

ಹಳೇ_ಸ್ಕ್ರೂಡ್ರೈವರ್:

ನಿನ್ನದು ಯಾವ ಚಿಪ್, ಯಾವ ಊರು, ಟಿಆರ್‌ಎಫ್‌ಸಿ ಎಷ್ಟು? ಅದನ್ನು ಹೇಳು ಮಾರಾಯ. ಗೇಮ್‌ನಲ್ಲಿ ಒಂದು ಬಿಟ್ ತಪ್ಪಿದರೆ ಎಲ್ಲೋ ಒಂದು ಗೋಡೆಯ ಬಣ್ಣ ಕೆಡುತ್ತದೆ, ನಿನಗೆ ಗೊತ್ತೂ ಆಗಲ್ಲ.

ಬಳ್ಳಾರಿ_ಬಿಸಿಲು:

ಸರ್, ಎರಡು ದಿನ ಇದೇ ಕೆಲಸ. ಟಿಎಂ5 ಜೊತೆಗೆ ಕಾರ್ಡ್ ಲೋಡ್ ಕೊಟ್ಟಾಗ ಹಳೇ ಸೆಟ್ಟಿಂಗ್‌ನಲ್ಲಿ ಹನ್ನೊಂದನೇ ನಿಮಿಷಕ್ಕೇ ಎರರ್. 630ಕ್ಕೆ ಬದಲಾಯಿಸಿ ಅದೇ ಹೊತ್ತಿಗೆ ಮತ್ತೆ ಹಾಕಿದೆ. ಎರಡು ಗಂಟೆ ಓಡಿತು, ಒಂದೂ ಇಲ್ಲ. ಡಬ್ಲ್ಯೂಎಚ್‌ಇಎ ಕೂಡ ಇಲ್ಲ. ಆಸೆ ತಡೆಯದೆ 540 ನೋಡಿದೆ, ಅದೂ ನಿಂತಿದೆ. 500ಕ್ಕೆ ಮಧ್ಯಾಹ್ನ ಒಂದು ಎರರ್ ಬಂತು, ಬಿಟ್ಟೆ. ರ‍್ಯಾಮ್ ಎದುರಿಗೆ ಒಂದು 120 ಎಂಎಂ ಫ್ಯಾನ್ ಕೂಡ ಕಟ್ಟಿದ್ದೇನೆ.

ಇನ್ನೊಂದು ಮಾತು, ನಗಬೇಡಿ. ಅದೇ ಮದುವೆಯ ಫೈಲ್ 3200ರಲ್ಲಿ ರೆಂಡರ್ ಆಗಲು 41 ನಿಮಿಷ. ಈಗ 40.

ಹಳೇ_ಸ್ಕ್ರೂಡ್ರೈವರ್:

ನಗಲಿಲ್ಲ ಸರ್. ನನಗೂ ಇಷ್ಟೇ ಸಿಕ್ಕಿದ್ದು. 540 ಬೇಡ, ಮೇ ತಿಂಗಳು ಇನ್ನೂ ಬಾಕಿ ಇದೆ. 580ರಲ್ಲಿ ಬಿಡಿ. ಸೋದರಮಾವನಿಗೆ ಹೊಸ ಪೆನ್‌ಡ್ರೈವ್ ಕೊಟ್ಟಿರಾ?

ಬಳ್ಳಾರಿ_ಬಿಸಿಲು:

ಕೊಟ್ಟೆ. ಈ ಸಲ ತಾಳಿ ಕಟ್ಟುವ ಭಾಗವನ್ನು ಅವರ ಮುಂದೆಯೇ ಮೂರು ಸಲ ಹಾಕಿ ತೋರಿಸಬೇಕಾಯಿತು.